ಆರಕ್ಕೆ ಗುಳಿಗೆ, ಏಳಕ್ಕೆ ಉಂಡಿ

ಶಿಸ್ತಿನಿಂದ ಬದುಕಿದವರಿಗೆ ಒಳಗೊಳಗೇ ಒಂದು ಜಂಬ ಇರುತ್ತದೆ. ನಮಗೆ ರೋಗ ಬಂದರೂ ಅದು ಹೊತ್ತಿಗೆ ಸರಿಯಾಗಿ ಬಂದು, ಹೇಳಿದ ಕಡೆ ಕೂತು, ಔಷಧ ಕೊಟ್ಟ ಕೂಡಲೇ ಎದ್ದು ಹೋಗುತ್ತದೆ ಎಂದು ನಂಬಿರುತ್ತೇವೆ. ನಾನು ಹೆಣ್ಣುಮಕ್ಕಳ ಹಾಸ್ಟೆಲ್ಲಿನ ವಾರ್ಡನ್ ಆಗಿ ಹಾನಗಲ್ಲು, ಹಿರೇಕೆರೂರು, ಶಿಗ್ಗಾವಿ ಎಂದು ಸುತ್ತಿ ಕಡೆಗೆ ಸವಣೂರಿನಲ್ಲಿ ನಿವೃತ್ತಳಾದವಳು. ಗಂಟೆಗೆ ಏಳುವುದು, ಗಂಟೆಗೆ ಉಣ್ಣುವುದು, ಗಂಟೆಗೆ ದೀಪ ಆರಿಸುವುದು. ಹಾಸ್ಟೆಲ್ಲಿನ ಗಂಟೆಯನ್ನು ನನ್ನ ನಂತರ ಬಂದವರಿಗೆ ಒಪ್ಪಿಸಿ ಬಂದೆ. ಅದರ ಸದ್ದು ಮಾತ್ರ ನನ್ನ ತಲೆಯೊಳಗೇ ಉಳಿದುಬಿಟ್ಟಿತು. ಈಗ ಆ ಸದ್ದಿಗೆ ನಡೆಯಬೇಕಾದವರು ಮನೆಯಲ್ಲಿ ಇಬ್ಬರೇ. ಒಬ್ಬಳು ನಾನು, ಇನ್ನೊಬ್ಬರು ನಮ್ಮ ಮನೆಯವರು. ಅವರು ಮೊದಲಿನಿಂದಲೂ ಹಿಂದಿನ ಬೆಂಚಿನ ವಿದ್ಯಾರ್ಥಿ.

ನನ್ನ ಕೊರಳಿನಲ್ಲಿ ಥೈರಾಯ್ಡ್ ಎಂಬ ಗ್ರಂಥಿ ಇಲ್ಲ. ಗಂಟಾಗಿದೆ ಎಂದು ಬಹಳ ಹಿಂದೆಯೇ ಹುಬ್ಬಳ್ಳಿಯಲ್ಲಿ ತೆಗೆದು ಹಾಕಿದರು. ಅದು ಮಾಡುತ್ತಿದ್ದ ಕೆಲಸವನ್ನು ಅಂದಿನಿಂದ ಒಂದು ಸಣ್ಣ ಬಿಳಿ ಗುಳಿಗೆ ಮಾಡಿಕೊಂಡು ಬಂದಿದೆ. ಗ್ರಂಥಿ ಕಾಯಂ ನೌಕರ ಇದ್ದ ಹಾಗೆ, ರಜೆ ಹಾಕಿದರೂ ಕೆಲಸ ಹೇಗೋ ಸಾಗುತ್ತದೆ. ಗುಳಿಗೆ ದಿನಗೂಲಿ. ಬಾರದಿದ್ದರೆ ಸ್ವಲ್ಪ ದಿನಕ್ಕೆ ಇಡೀ ಕಚೇರಿ ಬಾಗಿಲು ಹಾಕುತ್ತದೆ. ಆಪರೇಶನ್ ಮಾಡಿದ ಡಾಕ್ಟರು ಅದನ್ನೇ ಬೇರೆ ಮಾತಿನಲ್ಲಿ ಹೇಳಿ, "ಅನ್ನ ಒಂದಿನ ಬಿಡ್ರಿ, ಇದನ್ನ ಬಿಡಬ್ಯಾಡ್ರಿ" ಎಂದು ಕಳಿಸಿದ್ದರು. ನನಗೆ ಇಂಥ ಆಜ್ಞೆ ಎಂದರೆ ಬಹಳ ಇಷ್ಟ. ಬೆಳಿಗ್ಗೆ ಆರಕ್ಕೆ ಬರಿ ಹೊಟ್ಟೆಯಲ್ಲಿ ಗುಳಿಗೆ. ಏಳರವರೆಗೆ ಬಾಯಿಗೆ ಏನೂ ಇಲ್ಲ. ಏಳರ ನಂತರ ಚಹಾ. ನಾನು ಕುಡಿಯದೆ ಇದ್ದಾಗ ಮನೆಯಲ್ಲಿ ಚಹಾ ಕುದಿಯಬಾರದು ಎಂಬುದು ನನ್ನ ಸ್ವಂತ ಸೇರ್ಪಡೆ.

"ಗ್ರಂಥಿ ತಗದಿದ್ದು ನಿಮ್ಮ ಕೊಳ್ಳಾಗಿಂದು. ನನ್ನ ಚಾ ಯಾಕ ತಡಾ ಆಗಬೇಕ್ರಿ ವಾರ್ಡನ್ನರ?" ಎಂದು ಮನೆಯವರು ಎಲೆ ಅಡಿಕೆಯ ಚೀಲ ಬಿಚ್ಚುತ್ತಾ ಕೇಳುತ್ತಿದ್ದರು.

"ಮೆಸ್ಸಿಗೆ ಒಂದ ಹೊತ್ತು" ಎನ್ನುತ್ತಿದ್ದೆ.

ಹೀಗೆ ವರ್ಷಗಳು ಕಳೆದವು. ಹೋದ ಚಳಿಗಾಲದಲ್ಲಿ ನಾನು ನುಂಗುತ್ತಿದ್ದ ಹಸಿರು ಮುಚ್ಚಳದ ಬಾಟಲಿ ನಮ್ಮ ಊರಿನ ಅಂಗಡಿಗಳಿಗೆ ಬರುವುದು ನಿಂತಿತು. ಔಷಧದ ಅಂಗಡಿಯವರು ಕೆಂಪು ಮುಚ್ಚಳದ ಬಾಟಲಿ ಮುಂದಿಟ್ಟು, "ಮೇಡಮ್ಮಾರ, ಔಷಧಿ ಅದ ಐತ್ರಿ, ಕಂಪನಿ ಅಷ್ಟ ಬ್ಯಾರೆ" ಎಂದರು. ವಾರ್ಡನ್ ಬದಲಾದರೂ ಹಾಸ್ಟೆಲ್ ಅದೇ ಎಂದು ನಾನೇ ಎಷ್ಟೋ ಪಾಲಕರಿಗೆ ಸಮಾಧಾನ ಹೇಳಿದವಳು. ಒಪ್ಪಿಕೊಂಡು ತಂದೆ.

ಕೆಲವು ದಿನ ಏನೂ ಆಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ತೋಳಿನ ಮೇಲೆ ಪಿತ್ತದ ಗಂಧೆ ಎದ್ದವು. ಮರುದಿನ ಬೆನ್ನಿನ ಮೇಲೆ, ಅದರ ಮರುದಿನ ಹೊಟ್ಟೆಯ ಮೇಲೆ. ತುರಿಸಿದರೆ ಕೆಂಪಗೆ ಉಬ್ಬಿ ಒಂದಕ್ಕೊಂದು ಕೂಡಿಕೊಂಡು ಭೂಪಟದ ಹಾಗೆ ಕಾಣುತ್ತಿತ್ತು. ನಾನು ಹಾಸ್ಟೆಲ್ಲಿನಲ್ಲಿ ಕಳವಾದಾಗ ಮಾಡುತ್ತಿದ್ದ ವಿಚಾರಣೆಯನ್ನು ಮನೆಯಲ್ಲಿ ಶುರುಮಾಡಿದೆ. ಮೊದಲು ಬದನೆಕಾಯಿಯನ್ನು ಹೊರಗೆ ಹಾಕಿದೆ. ಬಳಿಕ ಶೇಂಗಾ ಚಟ್ನಿಯನ್ನು. ಆಮೇಲೆ ಮನೆಯವರು ಸಂತೆಯಿಂದ ತಂದ ಗುಲಾಬಿ ಬಣ್ಣದ ಸಾಬೂನನ್ನು. ಅವರು ಬದನೆಕಾಯಿಗೆ ಸುಮ್ಮನಿದ್ದರು, ಸಾಬೂನಿಗೂ ಸುಮ್ಮನಿದ್ದರು. ಶೇಂಗಾ ಚಟ್ನಿಯ ಡಬ್ಬಿ ಪಕ್ಕದ ಮನೆಗೆ ಹೋದ ದಿನ ಮಾತ್ರ ರೊಟ್ಟಿ ಮುರಿಯುತ್ತಾ, "ಇನ್ನ ನಾ ಒಬ್ಬವ ಉಳದೇನಿ. ನನ್ನ ಯಾವತ್ತು ಹೊರಗ ಹಾಕ್ತೀರಿ?" ಎಂದರು.

ಎಲ್ಲವನ್ನೂ ಹೊರಗೆ ಹಾಕಿದ ಮೇಲೆ ಮನೆಯಲ್ಲಿ ಹೊಸದಾಗಿ ಉಳಿದದ್ದು ಕೆಂಪು ಮುಚ್ಚಳ ಒಂದೇ. ಅಂಗಡಿಗೆ ಹೋಗಿ ಹೇಳಿದೆ. ಅವರು ನಂಬಲಿಲ್ಲ. "ಇದ ಗುಳಿಗಿ ಎಷ್ಟು ಮಂದಿ ನುಂಗಾಕತ್ತಾರ್ರಿ, ಯಾರಿಗೂ ಏನೂ ಆಗಿಲ್ಲ" ಎಂದರು. ಆದರೂ ನನ್ನ ಮುಖ ನೋಡಿ ನೀಲಿ ಮುಚ್ಚಳದ ಬಾಟಲಿ ಕೊಟ್ಟರು.

ಇದೇ ಹೊತ್ತಿಗೆ ನಮ್ಮ ಅಕ್ಕನ ಪ್ರವೇಶವಾಯಿತು. ಅಕ್ಕ ಮಾಸೂರಿನಲ್ಲಿ ಇರುತ್ತಾಳೆ, ನನಗಿಂತ ಬಹಳ ದೊಡ್ಡವಳು. ನಮ್ಮವ್ವ ತೀರಿಕೊಂಡ ಮೇಲೆ ತವರುಮನೆ ಎಂದರೆ ನನಗೆ ಅವಳೇ. ನಾನು ತುರಿಕೆಯಿಂದ ನಿದ್ದೆಯಿಲ್ಲದೆ ಸೊರಗಿದ್ದೇನೆ ಎಂದು ಫೋನಿನಲ್ಲಿ ಕೇಳಿದ್ದೇ ತಡ, ಅಂಟಿನ ಉಂಡಿ ಕಟ್ಟಿ ದೊಡ್ಡ ಡಬ್ಬಿ ತುಂಬಿ ಕಳಿಸಿದಳು. ಒಣಕೊಬ್ಬರಿ, ಉತ್ತತ್ತಿ, ಗಸಗಸೆ, ಬೆಲ್ಲ, ಮತ್ತು ತುಪ್ಪದಲ್ಲಿ ಕರಿದು ಅರಳಿಸಿದ ಜಾಲಿಯ ಅಂಟು. ನಮ್ಮ ಕಡೆ ಬಾಣಂತಿಗೆ, ಸೊಂಟ ಬಿದ್ದವರಿಗೆ, ಜ್ವರದಿಂದ ಎದ್ದವರಿಗೆ ಇದಕ್ಕಿಂತ ದೊಡ್ಡ ಔಷಧ ಇಲ್ಲ. ನಾನು ಬಾಣಂತಿಯಾಗಿದ್ದಾಗ ಅವ್ವ ಒತ್ತಾಯ ಮಾಡಿ ತಿನಿಸುತ್ತಿದ್ದಳು. ಆಗಲೂ ಮೈಮೇಲೆ ಗಂಧೆ ಎದ್ದಿದ್ದವು. "ಬಾಣಂತಿ ಮೈ, ಉಷ್ಣ ಆಗೇತಿ" ಎಂದು ಕೊಬ್ಬರಿ ಎಣ್ಣೆ ಸವರಿ, ಅಶಕ್ತಿಗೆ ಇನ್ನೊಂದು ಉಂಡಿ ಕೊಟ್ಟಿದ್ದಳು. ಅದು ನನಗೆ ನೆನಪಿರಲಿಲ್ಲ ಎಂದಲ್ಲ. ಅವ್ವನ ಮುದ್ದಿನ ಲೆಕ್ಕದಲ್ಲಿ ನೆನಪಿತ್ತು, ಕಾಯಿಲೆಯ ಲೆಕ್ಕದಲ್ಲಿ ಇರಲಿಲ್ಲ.

ಉಂಡಿಗೂ ಒಂದು ಹೊತ್ತು ಬೇಕಲ್ಲ. ಆರಕ್ಕೆ ನೀಲಿ ಮುಚ್ಚಳದ ಗುಳಿಗೆ, ಏಳಕ್ಕೆ ಸರಿಯಾಗಿ ಒಂದು ಉಂಡಿ, ಅದರ ಮೇಲೆ ಚಹಾ ಎಂದು ಗೊತ್ತುಮಾಡಿದೆ. ಒಂದು ದಿನವೂ ತಪ್ಪಿಸಲಿಲ್ಲ. ಶಿಸ್ತಿಲ್ಲದ ಹೆಂಗಸಾಗಿದ್ದರೆ ಒಂದು ದಿನ ಮರೆತು, ಒಂದು ದಿನ ಸಂಜೆಗೆ ತಿಂದು, ಯಾವುದು ಯಾವುದರ ಕೆಲಸ ಎಂದು ಬೇಗ ಪತ್ತೆ ಹಚ್ಚುತ್ತಿದ್ದಳೋ ಏನೋ. ನನ್ನ ದಿನಚರಿಯಲ್ಲಿ ಗುಳಿಗೆ ಮತ್ತು ಉಂಡಿ ಒಂದೇ ಸಾಲಿನಲ್ಲಿ ನಿಂತಿದ್ದವು. ಚಹಾ ಮುಗಿಯುವಷ್ಟರಲ್ಲಿ ಗಂಧೆ ಏಳುತ್ತಿದ್ದವು. ಒಂದು ದಿನ ಕೆಳತುಟಿ ಬಾತು ಗಲ್ಲದವರೆಗೆ ಇಳಿಯಿತು. ಸಾಲಿನಲ್ಲಿ ನಿಂತ ಇಬ್ಬರಲ್ಲಿ ಕಳ್ಳ ಯಾರು ಎಂದರೆ, ಅಕ್ಕನ ಕೈಯಿಂದ ಬಂದವನ ಮೇಲೆ ಯಾರಾದರೂ ಸಂಶಯ ಪಡುತ್ತಾರೆಯೇ?

"ನಿಮಗ ಯಾವ ಕಂಪನೀನೂ ಆಗವಲ್ದು ಬಿಡ್ರಿ" ಎಂದರು ಅಂಗಡಿಯವರು.

ಆ ಮಾತು ನನಗೆ ನಾಟಿತು. ಯಾರಿಗೂ ಹೇಳದೆ ಗುಳಿಗೆ ಬಿಟ್ಟೆ. ಡಾಕ್ಟರನ್ನು ಕೇಳಬೇಕಿತ್ತು ಎಂದು ಈಗ ಹೇಳುವುದು ಸುಲಭ. ನನಗಾಗ ಅನ್ನಿಸಿದ್ದು ಇಷ್ಟು: ಎಲ್ಲರಿಗೂ ಆಗುವ ಗುಳಿಗೆ ನನಗೊಬ್ಬಳಿಗೆ ಆಗದಿದ್ದರೆ ತಪ್ಪು ನನ್ನ ಮೈಯದು, ಸ್ವಲ್ಪ ದಿನ ಅದನ್ನು ಹದ್ದುಬಸ್ತಿನಲ್ಲಿ ಇಟ್ಟರೆ ದಾರಿಗೆ ಬಂದೀತು. ಅಷ್ಟರಲ್ಲಿ ಉಂಡಿಯ ಡಬ್ಬಿಯೂ ಖಾಲಿಯಾಗಿತ್ತು. ಗಂಧೆ ಮಾಯವಾದವು. ಗುಳಿಗೆಯೇ ಕಳ್ಳ ಎಂದು ಸಿದ್ಧವಾಯಿತು. ಬಾಟಲಿಯನ್ನು ಕಪಾಟಿನ ಮೇಲಿನ ಅರೆಯಲ್ಲಿ, ಮುಖ ಗೋಡೆಗೆ ಮಾಡಿ ನಿಲ್ಲಿಸಿದೆ.

ಮುಂದಿನದನ್ನು ನಗುನಗುತ್ತಾ ಬರೆಯಲು ಪ್ರಯತ್ನಿಸಿದ್ದೇನೆ, ಬರುತ್ತಿಲ್ಲ. ಗುಳಿಗೆ ಬಿಟ್ಟವರು ಧಡಕ್ಕನೆ ಬೀಳುವುದಿಲ್ಲ. ಕೆರೆಯ ನೀರು ಇಳಿದ ಹಾಗೆ ಇಳಿಯುತ್ತಾರೆ, ದಿನವೂ ನೋಡುವವರಿಗೆ ತಿಳಿಯುವುದಿಲ್ಲ. ಬೇಸಿಗೆಯ ಸೆಕೆಯಲ್ಲಿ ನಾನು ಸ್ವೆಟರ್ ಹಾಕಿಕೊಂಡು ಕೂತೆ. ದನಿ ಗಂಡಸಿನ ದನಿಯಾಯಿತು. ಮುಖ ಊದಿತು, ಕೂದಲು ಬಾಚಣಿಗೆಗೆ ಬಂತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ತಲೆಯೊಳಗಿನ ಗಂಟೆ ನಿಂತುಹೋಯಿತು. ಬಿಸಿಲು ಹಾಸಿಗೆಗೆ ಬಂದರೂ ಏಳುತ್ತಿರಲಿಲ್ಲ. ಎದ್ದರೆ ಒಲೆಯ ಮುಂದೆ ನಿಂತು, ಬಂದದ್ದು ಯಾಕೆ ಎಂದು ಯೋಚಿಸುತ್ತಿದ್ದೆ. ಮನೆಯವರು ಆರೂವರೆಗೇ ಚಹಾ ಮಾಡಿಕೊಂಡು ಕುಡಿಯತೊಡಗಿದರು. ನಾನು ಬೈಯಲಿಲ್ಲ. ಆಗ ಅವರು ಹೆದರಿದರು. ಲೋಟ ಹಿಡಿದು ನನ್ನ ಹಾಸಿಗೆಯ ಹತ್ತಿರ ಬಂದು ಬೇಕೆಂದೇ ಸೊರ್ ಸೊರ್ ಎಂದು ಕುಡಿದು, "ಏನರ ಅನ್ರಿ ವಾರ್ಡನ್ನರ" ಎಂದರು. ನಾನು ಆ ಕಡೆ ಹೊರಳಿದೆ. ಅವರು ಹೊರಗೆ ಹೋಗಿ ಅಕ್ಕನಿಗೆ ಫೋನು ಮಾಡಿದರು.

ಮರುದಿನವೇ ಅಕ್ಕ ಬಂದಳು. ಕೈಯಲ್ಲಿ ಹೊಸ ಡಬ್ಬಿ. ನನ್ನ ಮುಖ ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು. ಆ ರಾತ್ರಿ ನನ್ನ ಪಕ್ಕದಲ್ಲೇ ಮಲಗಿ, ಬೆಳಿಗ್ಗೆ ಎಬ್ಬಿಸಿ ಕೂರಿಸಿ, ಚಿಕ್ಕಂದಿನಲ್ಲಿ ತಿನಿಸಿದಂತೆ ಉಂಡಿ ಮುರಿದು ಬಾಯಿಗೆ ಇಟ್ಟಳು. ಅರ್ಧ ಉಂಡಿ ಹೋಗುವಷ್ಟರಲ್ಲಿ ತುಟಿ ಬಾತವು. ನಾಲಿಗೆ ಬಾಯಿಗೆ ದೊಡ್ಡದಾಯಿತು. ಉಸಿರು ಒಳಗೆ ಹೋಗುವಾಗ ಸೀಟಿ ಹೊಡೆಯಿತು. ಪಕ್ಕದ ಮನೆಯ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿಸಿದರು. ದಾರಿಯುದ್ದಕ್ಕೂ ಅಕ್ಕ ನನ್ನ ಬೆನ್ನು ಉಜ್ಜುತ್ತಾ, "ಉಸರ ತಗೊ ನಮ್ಮವ್ವ, ಉಸರ ತಗೊ" ಎನ್ನುತ್ತಿದ್ದಳು. ತೆಗೆದುಕೊಳ್ಳುವುದು ನನ್ನ ಕೈಯಲ್ಲಿದ್ದರೆ ತೆಗೆದುಕೊಳ್ಳುತ್ತಿರಲಿಲ್ಲವೇ.

ಇಂಜೆಕ್ಷನ್ನುಗಳು ಬಿದ್ದು ಉಸಿರು ದಾರಿಗೆ ಬಂದ ಮೇಲೆ ಡಾಕ್ಟರಮ್ಮ ವಿಚಾರಣೆಗೆ ಕೂತರು. ಚಿಕ್ಕ ವಯಸ್ಸಿನವರು, ನನಗಿಂತ ಕಠಿಣ ವಾರ್ಡನ್. ಗುಳಿಗೆ ಬಿಟ್ಟ ಸುದ್ದಿ ನನ್ನ ಬಾಯಿಂದ ಹೊರಬಿದ್ದಾಗ ಮನೆಯವರು ನನ್ನ ಮುಖ ನೋಡಲಿಲ್ಲ, ನೆಲ ನೋಡಿದರು. ಡಾಕ್ಟರಮ್ಮ ನನ್ನ ಕೊರಳಿನ ಹಳೆಯ ಗಾಯದ ಗೆರೆ ನೋಡಿ, "ಇನ್ನೊಂದಿಷ್ಟು ದಿನ ಹಿಂಗ ಬಿಟ್ಟಿದ್ದರ ಒಂದಿನ ಮಲಗಿದವರು ಏಳತಿರಲಿಲ್ರಿ" ಎಂದರು. ದನಿ ಏರಿಸಲಿಲ್ಲ. ನಾನು ಹುಡುಗಿಯರನ್ನು ಬೈಯುವಾಗ ದನಿ ಏರಿಸುತ್ತಿದ್ದೆ. ಏರಿಸದಿದ್ದರೆ ಎಷ್ಟು ಒಳಗೆ ಇಳಿಯುತ್ತದೆ ಎಂದು ಅಂದು ಗೊತ್ತಾಯಿತು.

"ಗುಳಿಗೆ ಬಿಟ್ಟು ಬಹಳ ದಿನ ಆತು. ಹಂಗಾರ ಇವತ್ತು ತುಟಿ ಯಾಕ ಬಾತವು?" ಎಂದು ಅವರೇ ಕೇಳಿಕೊಂಡು ಮನೆಯಿಂದ ಎಲ್ಲ ಬಾಟಲಿ ತರಿಸಿದರು. ಮೇಲಿನ ಚೀಟಿ ಓದಿದರು. ಔಷಧ ಇಷ್ಟು ಎಂದು ಕರಾರುವಾಕ್ಕಾಗಿ ಬರೆದಿತ್ತು. ಉಳಿದ ಪದಾರ್ಥಗಳ ಮುಂದೆ ಏನೋ ಎರಡು ಅಕ್ಷರ.

"ಏನಂತ್ರಿ ಅದು?" ಎಂದೆ.

"ಬೇಕಾದಷ್ಟು ಅಂತ. ಔಷಧಿ ಅನ್ನೋದು ಇದರಾಗ ಕಣ್ಣಿಗೆ ಕಾಣದಷ್ಟು ಇರ್ತೈತ್ರಿ. ಅಷ್ಟನ್ನ ಬೆರಳಾಗ ಹಿಡಿಯಾಕ ಬರಂಗಿಲ್ಲ. ಅದಕ್ಕ ಹಿಟ್ಟು, ಸಕ್ಕರಿ, ಬಣ್ಣ, ಅಂಟು ಅಂತ ಏನೇನರ ಕೂಡಿಸಿ ಗುಳಿಗೆ ಕಟ್ಟತಾರ. ಒಂದೊಂದು ಕಂಪನಿಯವರು ಒಂದೊಂದು ಹಾಕ್ತಾರ."

ಮೂಲೆಯಲ್ಲಿ ಕೂತಿದ್ದ ಅಕ್ಕ, "ಅಂದರ ನಮ್ಮ ಉಂಡಿ ಕಟ್ಟಿದಂಗ" ಎಂದಳು.

ಡಾಕ್ಟರಮ್ಮ ಬಾಟಲಿ ಕೆಳಗಿಟ್ಟು ಅವಳ ಕಡೆ ತಿರುಗಿದರು. "ನಿಮ್ಮ ಉಂಡ್ಯಾಗ ಏನ ಹಾಕ್ತೀರಿ ಅಮ್ಮಾರ?" ಅಕ್ಕ ಉತ್ಸಾಹದಿಂದ ಹೇಳತೊಡಗಿದಳು. ಕೊಬ್ಬರಿ, ಉತ್ತತ್ತಿ, ಗಸಗಸೆ. ಅಂಟು ಎನ್ನುವಾಗ ಡಾಕ್ಟರಮ್ಮನ ಪೆನ್ನು ನಿಂತಿತು. "ಅಂಟು ಎಷ್ಟು?" "ಬೇಕಾದಷ್ಟು" ಎಂದಳು ಅಕ್ಕ. ಡಾಕ್ಟರಮ್ಮ ಅದನ್ನು ಬರೆದುಕೊಂಡು ಕೆಳಗೆ ಗೆರೆ ಎಳೆದರು.

ಡಾಕ್ಟರಮ್ಮ ಯಾರು ಯಾರನ್ನೋ ಕೇಳಿ ತಿಳಿದು ನಾಲ್ಕಾರು ದಿನ ಬಿಟ್ಟು ತೀರ್ಪು ಕೊಟ್ಟರು. ನನಗೆ ಆಗದ್ದು ಔಷಧವಲ್ಲ, ಜಾಲಿಯ ಅಂಟು; ಅದು ಅಕ್ಕನ ಉಂಡಿಯಲ್ಲಿ ಇದ್ದ ಹಾಗೆ ಕೆಂಪು ಮುಚ್ಚಳದ ಗುಳಿಗೆಯಲ್ಲೂ ಇತ್ತು. ನನ್ನ ಹಳೆಯ ಹಸಿರು ಮುಚ್ಚಳದಲ್ಲಿ ಇರಲಿಲ್ಲ, ನೀಲಿಯಲ್ಲೂ ಇರಲಿಲ್ಲ. ನೀಲಿ ಬಾಟಲಿ ನಿರಪರಾಧಿಯಾಗಿ ಇಷ್ಟು ದಿನ ಗೋಡೆಗೆ ಮುಖ ಮಾಡಿ ನಿಂತಿತ್ತು. ಅದನ್ನೇ ಮತ್ತೆ ಕಡಿಮೆಯಿಂದ ಶುರುಮಾಡಿಸಿದರು. ನಿಧಾನವಾಗಿ ನೀರು ಕೆರೆಗೆ ಬಂತು. ಒಂದು ದಿನ ಆರಕ್ಕೆ ತಾನಾಗಿ ಎಚ್ಚರವಾಯಿತು. ಅಡುಗೆಮನೆಯಲ್ಲಿ ಚಹಾದ ವಾಸನೆ. "ಯಾರಪ್ಪಣೆ ಮ್ಯಾಲೆ ಕುದಿಯಾಕತ್ತೈತಿ ಅದು?" ಎಂದು ಕೂಗಿದೆ. ಮನೆಯವರು ಒಲೆ ಆರಿಸಿ, ಕಣ್ಣು ಒರೆಸಿಕೊಂಡು ಹೊರಗೆ ಹೋದರು.

ಅಕ್ಕ ಮಾತ್ರ ಆಸ್ಪತ್ರೆಯಿಂದ ಬಂದವಳೇ ಡಬ್ಬಿ ಎತ್ತಿಕೊಂಡು ಬಸ್ ಹತ್ತಿದ್ದಳು. ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು ಕಿಟಕಿಯ ಹತ್ತಿರ ಕೂತವಳು ತಿರುಗಿ ನೋಡಲಿಲ್ಲ. ಆಮೇಲೆ ಫೋನಿಲ್ಲ. ನಾನು ಮಾಡಿದರೆ, "ಅವ್ವ ಇದ್ದಾಗಿಂದ ನಿನಗ ವಿಷಾ ಹಾಕ್ಕೋತ ಬಂದೇವಿ" ಎಂದು ಇಟ್ಟುಬಿಡುವಳು. ಗಂಧೆಗೆ ಮಾತ್ರೆ ಇದೆ. ಇದಕ್ಕೆ ಏನೂ ಇರಲಿಲ್ಲ.

ಮೊನ್ನೆ ಬಂದಳು. ಅದೇ ಡಬ್ಬಿ. "ಅಂಟು ಬಿಟ್ಟು ಕಟ್ಟೇನಿ" ಎಂದು ನನ್ನ ಮುಂದೆ ಇಟ್ಟಳು. ಗಡಿಯಾರದಲ್ಲಿ ಏಳು. ಯಾವ ಊರಿನಲ್ಲಿ ಯಾರು ಕಟ್ಟಿದರೋ ತಿಳಿಯದ ಗುಳಿಗೆಯನ್ನು ಒಂದು ಗಂಟೆಯ ಹಿಂದೆ ಕಣ್ಣು ಮುಚ್ಚಿ ನುಂಗಿದ್ದೆ. ನನ್ನನ್ನು ಎತ್ತಿ ಆಡಿಸಿದ ಅಕ್ಕನ ಕೈ ಕಟ್ಟಿದ ಉಂಡಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಿದ್ದೆ.

"ಏನೇನ ಹಾಕೀದಿ ಇದರಾಗ?" ಎಂದೆ.

"ನಿನ್ನ ಗುಳಿಗಿಯವರು ಹೇಳ್ಯಾರೇನು? ನನ್ನನ್ನ ಕೇಳ್ತಿ." ಆದರೂ ಎಲ್ಲವನ್ನೂ ಹೇಳಿದಳು. ಕೊಬ್ಬರಿ ಎಷ್ಟು, ಬೆಲ್ಲ ಎಷ್ಟು, ತುಪ್ಪ ಎಷ್ಟು. ಜೀವನದಲ್ಲಿ ಮೊದಲ ಸಲ ಅವಳು ಅಳತೆ ಮಾಡಿ ಹಾಕಿದ್ದಳು. ಹೊಸ ತುಪ್ಪ, ಹೊಸ ಬಾಣಲೆ. ಹಳೆಯದರಲ್ಲಿ ಅಂಟು ಕರಿದಿದ್ದಳಂತೆ. ಹೇಳಿ ಮುಗಿಸಿ ಮೊದಲ ಉಂಡಿಯನ್ನು ತಾನೇ ಮುರಿದು ತಿಂದು ತೋರಿಸಿದಳು. ಅದರಿಂದ ಏನೂ ಸಾಬೀತಾಗುವುದಿಲ್ಲ ಎಂದು ಹೇಳುವ ಧೈರ್ಯ ನನಗಿರಲಿಲ್ಲ.

ತಿಂದೆ. ಇಬ್ಬರೂ ನನ್ನ ತುಟಿಯನ್ನೇ ನೋಡುತ್ತಾ ಕೂತರು. ಮನೆಯವರು ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಿದ್ದರು. ಏನೂ ಬಾತುಕೊಳ್ಳಲಿಲ್ಲ, ಏನೂ ಏಳಲಿಲ್ಲ. ಉಂಡಿಯ ರುಚಿಯೂ ಏಳಲಿಲ್ಲ; ಕುರುಕುರು ಎನ್ನುವ ಅಂಟಿಲ್ಲದೆ ಅದು ಬಾಯಿಯೊಳಗೆ ಸಪ್ಪಗೆ ಪುಡಿಯಾಗಿ ಕೂತಿತು.

"ಹೆಂಗ ಆಗೇತಿ?" ಎಂದಳು ಅಕ್ಕ.

ಮೊದಲಿನದಕ್ಕಿಂತ ಚಲೋ ಆಗಿದೆ ಎಂದೆ. ಅವ್ವನಿಗೂ ಹೀಗೆ ಕಟ್ಟಲು ಬರುತ್ತಿರಲಿಲ್ಲ ಎಂದೆ. ಇನ್ನೊಂದು ಕೊಡು ಎಂದೆ. ಸುಳ್ಳು ಹೇಳಿದ ಹುಡುಗಿಯರನ್ನು ಊಟದ ಮನೆಯ ಬಾಗಿಲಲ್ಲಿ ನಿಲ್ಲಿಸುತ್ತಿದ್ದ ವಾರ್ಡನ್ ನಾನು. ಅಂದು ಬೆಳಿಗ್ಗೆ ಎಷ್ಟು ಸುಳ್ಳು ಹೇಳಿದೆ ಎಂದು ಯಾರಾದರೂ ಚೀಟಿ ಅಂಟಿಸುವುದಾದರೆ ಬರೆದುಕೊಳ್ಳಲಿ, ಬೇಕಾದಷ್ಟು.