ಶಾರ್ಟ್ ಇಂಟರೆಸ್ಟ್ ಅಂದ್ರೆ ಏನ್ರಿ?

ಗೊತ್ತಿಲ್ಲದ ವಿಷಯಕ್ಕೆ ಇನ್ನು ಮೇಲೆ ತಲೆ ಅಲ್ಲಾಡಿಸಬಾರದು ಅಂತ ನಾನು ಎಷ್ಟೋ ಸಲ ತೀರ್ಮಾನ ಮಾಡಿದ್ದೇನೆ. ಮಾಡಿದ ವಾರದೊಳಗೆ ಎಲ್ಲೋ ಒಂದು ಕಡೆ ತಲೆ ಅಲ್ಲಾಡಿರುತ್ತದೆ, ಮುಂದಿನದು ನನ್ನ ಕೈಯಲ್ಲಿರುವುದಿಲ್ಲ. ಹೈದರಾಬಾದಿನಲ್ಲಿ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲದಲ್ಲಿ ಹೀಗೆ ಒಂದೇ ವಿಷಯಕ್ಕೆ ಎರಡು ವರ್ಷ ತಲೆ ಅಲ್ಲಾಡಿಸಿ ಸಂಬಳ ತಗೊಂಡವನು ನಾನು.

ಲಾಂಗ್ ಇಂಟರೆಸ್ಟ್

ನಮ್ಮಪ್ಪ ಬೀದರ್ ಕಡೆಯವರು. ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಬಂದು ಲಿಂಗಂಪಲ್ಲಿ ಹತ್ತಿರದ ಕಾಲೊನಿಯಲ್ಲಿ ಮನೆ ಮಾಡಿದ್ದರು. ನಾನು ಬಿ.ಕಾಂ. ಮುಗಿಸಿ ಕೂತಿದ್ದೆ. ಕಂಪ್ಯೂಟರ್ ಮುಂದೆ ನೆಟ್ಟಗೆ ಕೂರಲು ಬಂದರೆ ಸಾಕು, ಕರೆದು ಕೆಲಸ ಕೊಡುತ್ತಾರೆ ಅಂತ ಎಲ್ಲರೂ ಹೇಳುತ್ತಿದ್ದರು. ಕಾಕಾನ ಮಗನ ಟೈ ಕಟ್ಟಿಕೊಂಡು, ಲೋಕಲ್ ರೈಲು ಹತ್ತಿ ಬೇಗಂಪೇಟೆಯಲ್ಲಿ ಇಳಿದು ಒಂದು ಅಮೆರಿಕನ್ ಕಂಪನಿಯ ಸಂದರ್ಶನಕ್ಕೆ ಹೋದೆ.

ಮ್ಯಾನೇಜರ್ ಮೇಡಂ ತೆಲುಗಿನವರು. ನನ್ನ ಮಾರ್ಕ್ಸ್ ಕಾರ್ಡನ್ನು ಬೇಗ ಬೇಗ ಮಡಚಿಟ್ಟು, ಇಂಗ್ಲಿಷಿನಲ್ಲಿ ಒಂದೇ ಪ್ರಶ್ನೆ ಕೇಳಿದರು: "ಶಾರ್ಟ್ ಇಂಟರೆಸ್ಟ್ ಬಗ್ಗೆ ಏನು ಹೇಳ್ತೀರಿ?"

ಈ ಹುಡುಗರು ಆರು ತಿಂಗಳಿಗೊಂದು ಕೆಲಸ ಬಿಡುತ್ತಾರೆ ಅನ್ನುವ ದೂರು ಆಗ ಎಲ್ಲ ಕಂಪನಿಗಳದ್ದೂ ಇತ್ತು. ಅದನ್ನೇ ಕೇಳುತ್ತಿದ್ದಾರೆ ಅಂದುಕೊಂಡೆ. ಎದೆ ಮೇಲೆ ಕೈ ಇಟ್ಟು, "ನನಗೆ ಶಾರ್ಟ್ ಇಂಟರೆಸ್ಟ್ ಇಲ್ಲವೇ ಇಲ್ಲ ಮೇಡಂ. ಲಾಂಗ್ ಇಂಟರೆಸ್ಟ್. ಕಮ್ಮಿ ಅಂದ್ರೂ ಹತ್ತು ವರ್ಷ ಇಲ್ಲೇ ಇರ್ತೀನಿ" ಅಂದೆ.

ಮೇಡಂ ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು ನಕ್ಕರು. ಪಕ್ಕದವರೂ ನಕ್ಕರು. ಕೆಲಸ ಸಿಕ್ಕಿತು. ನನ್ನ ನಿಷ್ಠೆಗೆ ಅವರ ಕಣ್ಣಲ್ಲಿ ನೀರು ಬಂತು ಅಂತ ಮನೆಯಲ್ಲಿ ಹೇಳಿದೆ. ನಾನು ಮಾಡಿದ್ದು ಜೋಕು ಅನ್ನುವುದು ನನಗೆ ತಿಳಿದದ್ದು ಎಂಟು ತಿಂಗಳಾದ ಮೇಲೆ.

ಷರಾ

ಕೆಲಸ ಇಷ್ಟು. ಹತ್ತಾರು ದೇಶಗಳ ಕಂಪನಿಗಳ ಷೇರುಗಳನ್ನು ಒಂದೇ ಬುಟ್ಟಿಗೆ ಹಾಕಿ, ಆ ಬುಟ್ಟಿಯ ಪಾಲನ್ನೇ ಷೇರಿನ ಹಾಗೆ ಅಮೆರಿಕದ ಮಾರುಕಟ್ಟೆಯಲ್ಲಿ ಮಾರುತ್ತಿದ್ದರು. ಇ.ಟಿ.ಎಫ್. ಅಂತ ಅದರ ಹೆಸರು. ಅಂಥ ಫಂಡುಗಳ ಒಂದು ಪಟ್ಟಿ ಬರುತ್ತಿತ್ತು. ಅದರಲ್ಲಿ ಶಾರ್ಟ್ ಇಂಟರೆಸ್ಟ್ ಅನ್ನುವ ಕಾಲಮ್ಮಿನ ಅಂಕಿ ನೋಡಿ, ಪಕ್ಕದಲ್ಲಿ ನಾನೊಂದು ಷರಾ ಬರೆಯಬೇಕು.

ನಾನು ಇಂಗ್ಲಿಷ್ ನಿಘಂಟು ತೆಗೆದು ನೋಡಿದೆ. ಶಾರ್ಟ್ ಅಂದರೆ ಕಡಿಮೆ. ಇಂಟರೆಸ್ಟ್ ಅಂದರೆ ಆಸಕ್ತಿ. ಅಂಕಿ ದೊಡ್ಡದಿದ್ದ ಕಡೆಯೆಲ್ಲ, "ಈ ಫಂಡಿನಲ್ಲಿ ಜನರಿಗೆ ಆಸಕ್ತಿ ಬಹಳ ಕಡಿಮೆಯಾಗಿದೆ. ದಯವಿಟ್ಟು ಜಾಹೀರಾತು ಕೊಡಿ" ಅಂತ ಬರೆದೆ. ಮೂರು ತಿಂಗಳು ಬರೆದೆ.

ಒಂದು ದಿನ ಅಮೆರಿಕದಿಂದ ಮೇಡಂಗೆ ಫೋನ್ ಬಂತು. ಜಾಹೀರಾತು ವಿಭಾಗದವರು ನನಗೆ ಧನ್ಯವಾದ ಹೇಳಿದ್ದರು. ನನ್ನ ಷರಾ ತೋರಿಸಿ ಅವರು ಹೆಚ್ಚಿನ ಬಜೆಟ್ ಮಂಜೂರು ಮಾಡಿಸಿಕೊಂಡಿದ್ದರಂತೆ.

ಹೆಣ್ಣು ನೋಡಿದ್ದು

ಅಷ್ಟೊತ್ತಿಗೆ ಪಕ್ಕದ ಸೀಟಿನ ಗೆಳೆಯನೊಬ್ಬ ಕರುಣೆಯಿಂದ ನಾಲ್ಕು ವಾಕ್ಯ ಹೇಳಿಕೊಟ್ಟಿದ್ದ. ನಾನು ಬಾಯಿಪಾಠ ಮಾಡಿದ್ದೆ. ಅದೇ ಬಂಡವಾಳದ ಮೇಲೆ ಹೆಣ್ಣು ನೋಡಲು ಹೋದೆ.

ಹುಡುಗಿಯ ಅಪ್ಪ ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯಲ್ಲಿ ಸೂಪರ್‌ವೈಸರ್, ಕಲಬುರಗಿ ಕಡೆಯವರು. ಉಪ್ಪಿಟ್ಟು ಮುಂದಿಟ್ಟು ಕೇಳಿದರು: "ಏನ್ ಕೆಲಸ ಮಾಡ್ತೀರ್ರಿ ನೀವು?"

"ಶಾರ್ಟ್ ಇಂಟರೆಸ್ಟ್‌ರಿ."

"ಹಂಗಂದ್ರ?"

ಬಾಯಿಪಾಠ ಒಪ್ಪಿಸಿದೆ: "ಇನ್ನೊಬ್ಬರ ಷೇರು ಕೈಗಡ ತಗೊಂಡು ಮಾರತಾರ್ರಿ. ರೇಟ್ ಇಳಿದ ಮ್ಯಾಲೆ ಅಷ್ಟೇ ಷೇರು ಕೊಂಡು ವಾಪಸ್ ಕೊಡತಾರ. ನಡುವಿನ ಫಾಯ್ದೆ ಅವರದು. ಹಂಗ ತಗೊಂಡು ಮಾರಿದ್ದು, ಇನ್ನೂ ವಾಪಸ್ ಕೊಡಲಾರದ್ದು ಒಟ್ಟು ಎಷ್ಟು ಅನ್ನೂ ಲೆಕ್ಕಕ್ಕ ಶಾರ್ಟ್ ಇಂಟರೆಸ್ಟ್ ಅಂತಾರ."

ಅವರು ಚಮಚ ಕೆಳಗಿಟ್ಟರು. "ಮಂದಿ ಮಾಲು ತಂದು ಮಾರತೀರಿ?"

"ನಾ ಮಾರಂಗಿಲ್ರಿ! ಯಾರ್ ಯಾರ್ ಎಷ್ಟು ಮಾರ್ಯಾರ ಅಂತ ಎಣಸ್ತೀನಿ ಅಷ್ಟ."

"ಹಾಂ. ಅಂದ್ರ ಕಳ್ಳರ ಕಡೆ ಗುಮಾಸ್ತ ಅನ್ರಿ."

ನಮ್ಮಪ್ಪ ಕೆಮ್ಮಿದರು. ಆಗ ಬಾಗಿಲ ಹತ್ತಿರ ನಿಂತಿದ್ದ ಹುಡುಗಿ ಮೆಲ್ಲಗೆ ಕೇಳಿದಳು: "ರೇಟ್ ಇಳೀಲೇ ಇಲ್ಲ, ಏರಿಬಿಡ್ತು ಅಂದ್ರ ಅವರು ಏನ್ ಮಾಡತಾರ್ರಿ?"

ಈ ಪ್ರಶ್ನೆ ನನಗೆ ಯಾವತ್ತೂ ಹೊಳೆದಿರಲಿಲ್ಲ. ಉಪ್ಪಿಟ್ಟು ನುಂಗಿ, "ಅದು ಬ್ಯಾರೆ ಡಿಪಾರ್ಟ್‌ಮೆಂಟ್ ನೋಡ್ಕೊಳ್ತದ್ರಿ" ಅಂದೆ.

ಸಂಬಂಧ ಮುರಿಯಿತು ಅಂತಲೇ ಬಸ್ಸು ಹತ್ತಿದೆವು. ಎರಡು ದಿನಕ್ಕೆ ಒಪ್ಪಿಗೆ ಬಂತು. ಮದುವೆಯಾದ ಮೇಲೆ ಹೆಂಡತಿಯನ್ನು ಕೇಳಿದೆ, ಹೆಂಗ ಒಪ್ಪಿದಿ ಅಂತ. "ನಾನ ಅಪ್ಪಗ ಹೇಳಿದೆ," ಅಂದಳು. "ಇಷ್ಟು ಗೊತ್ತಿಲ್ಲದವರು ಕಳ್ಳರಂತೂ ಆಗಿರಾಕ ಸಾಧ್ಯ ಇಲ್ಲ ಅಂತ."

ನೂರಾ ಇಪ್ಪತ್ತು

ಎರಡನೇ ವರ್ಷ ದೀಪಾವಳಿಗೆ ಆರು ದಿನ ಇರುವಾಗ ಪಟ್ಟಿಯಲ್ಲಿ ಒಂದು ಅಂಕಿ ಕಣ್ಣಿಗೆ ಬಿತ್ತು. ಒಂದು ವಿದೇಶಿ ಷೇರುಗಳ ಫಂಡು. ಅದರ ಶಾರ್ಟ್ ಇಂಟರೆಸ್ಟ್ ನೂರಾ ಇಪ್ಪತ್ತು ಪರ್ಸೆಂಟ್. ಅಂದರೆ ಆ ಫಂಡಿನ ಪಾಲು ಇರುವುದು ನೂರಾದರೆ, ಕೈಗಡ ತಂದು ಮಾರಿದ್ದು ನೂರಾ ಇಪ್ಪತ್ತು!

ಇರುವುದಕ್ಕಿಂತ ಹೆಚ್ಚು ಹೇಗೆ ತರುತ್ತಾರೆ? ಅಮೆರಿಕದವರ ಕೈ ತಪ್ಪಿ ಒಂದು ಸೊನ್ನೆ ಹೆಚ್ಚಾಗಿದೆ ಅಂತ ನನಗೆ ಖಾತ್ರಿಯಾಯಿತು. ಸೊನ್ನೆ ಅಳಿಸಿ ಹನ್ನೆರಡು ಮಾಡಿದೆ. ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. "ಒಂದು ಘೋರ ತಪ್ಪನ್ನು ಪತ್ತೆ ಹಚ್ಚಿ ಸರಿಪಡಿಸಿದ್ದೇನೆ" ಅಂತ ಕಂಪನಿಯ ಎಲ್ಲರಿಗೂ ಮೇಲ್ ಕಳಿಸಿದೆ. ಎಲ್ಲರಿಗೂ ಅಂದರೆ, ಮೂರು ದೇಶಗಳಿಗೆ.

ಮೇಡಂ ಕರೆದರು. ಈ ಸಲ ನಗಲಿಲ್ಲ. "ಅಂಕಿ ಸರಿಯಾಗೇ ಇತ್ತು ಬಾಬು. ನೀನು ಎರಡು ವರ್ಷದಿಂದ ಏನು ಅರ್ಥ ಮಾಡ್ಕೊಂಡಿದ್ದೀಯ?"

ನಾನು ತಲೆ ಅಲ್ಲಾಡಿಸಿದೆ.

"ಸೋಮವಾರ ಹೊರದೇಶದಿಂದ ಇಬ್ಬರು ಬರ್ತಿದ್ದಾರೆ. ನೂರಕ್ಕಿಂತ ಹೆಚ್ಚು ಹೇಗೆ ಆಗ್ತದೆ ಅಂತ ಅವರ ಮುಂದೆ ನೀನೇ ನಿಂತು ಹೇಳ್ಬೇಕು. ಆಗ್ಲಿಲ್ಲ ಅಂದ್ರೆ ವಿಳಾಸ ತಿದ್ದೋ ಸೆಕ್ಷನ್ನಿಗೆ ಹೋಗು."

ವಿಳಾಸ ತಿದ್ದೋ ಸೆಕ್ಷನ್ ಅಂದರೆ ಲಿಫ್ಟ್ ಯಂತ್ರದ ಪಕ್ಕದ ಕೋಣೆ. ಅಲ್ಲಿಗೆ ಹೋದವರು ಯಾರೂ ಪ್ರಮೋಶನ್ ಪಡೆದು ಹೊರಗೆ ಬಂದಿರಲಿಲ್ಲ. ಆ ವಾರವೆಲ್ಲ ರೈಲಿನಲ್ಲಿ ಪುಸ್ತಕ ಓದಿ, ಬೇಗಂಪೇಟೆಯಲ್ಲಿ ಇಳಿಯುವುದನ್ನು ಎರಡು ಸಲ ಮರೆತೆ. ನೂರಾ ಇಪ್ಪತ್ತು ಮಾತ್ರ ತಲೆಯೊಳಗೆ ಇಳಿಯಲಿಲ್ಲ.

ಏಣಿ

ಭಾನುವಾರ ದೀಪಾವಳಿ. ಶನಿವಾರ ಮಧ್ಯಾಹ್ನ ಕೋಣೆಯಲ್ಲಿ ಹಾಳೆ ಹರಡಿಕೊಂಡು ಕೂತಿದ್ದೆ. ಗೇಟಿನ ಹತ್ತಿರ ಗದ್ದಲ ಕೇಳಿಸಿತು. ಹೋಗಿ ನೋಡಿದರೆ ನಮ್ಮ ಕಾಲೊನಿಯ ಮೂವರು: ಎದುರು ಸಾಲಿನ ಬ್ಯಾಂಕಿನವರು, ಅವರ ಹಿಂದೆ ಶಾಲೆ ಮಾಸ್ತರು, ಅವರ ಹಿಂದೆ ಧಾರವಾಡ ಕಡೆಯ ರಿಟೈರ್ಡ್ ಫೋರ್‌ಮನ್.

ಬ್ಯಾಂಕಿನವರು ಅಂದರು: "ನನ್ನ ಏಣಿ ಕೊಡ್ರಿ. ಒಂದು ತಾಸು ಅಂತ ಒಯ್ದು ತಿಂಗಳಾತು."

ಒಯ್ದದ್ದು ನಿಜ. ಫ್ಯಾನ್ ಒರೆಸಲು ತಂದಿದ್ದೆ.

"ನಿಮ್ಮ ಏಣಿ ಯಾವಾಗ ಆತ್ರಿ?" ಅಂದರು ಮಾಸ್ತರು. "ನನ್ನ ಕಡಿಂದ ಒಯ್ದೀರಿ ನೀವು. ಅದು ನನ್ನ ಏಣಿ."

ಫೋರ್‌ಮನ್ ಇಬ್ಬರನ್ನೂ ಪಕ್ಕಕ್ಕೆ ಸರಿಸಿದರು. "ಇಬ್ಬರದೂ ಅಲ್ಲ, ನಂದು! ಮಾಸ್ತರಿಗೆ ನಾ ಕೊಟ್ಟಿದ್ದೆ. ನಾಳೆ ಹಬ್ಬ ಐತಿ, ದೀಪದ ಸರಾ ಕಟ್ಟಬೇಕು. ಎಲ್ಲೈತಿ ಏಣಿ?"

ಏಣಿ ಎಲ್ಲಿತ್ತು? ಹಿಂದಿನ ಓಣಿಯಲ್ಲಿ ಮನೆ ಕಟ್ಟುತ್ತಿದ್ದ ಯಾದಗಿರಿ ಕಡೆಯ ಮೇಸ್ತ್ರಿ ಬಂದು, "ಒಂದು ತಾಸು ಕೊಡ್ರಿ ಅಣ್ಣಾರ" ಅಂತ ಕೇಳಿದ್ದ. ನನ್ನದೇ ಏಣಿ ಅನ್ನುವ ಗತ್ತಿನಲ್ಲಿ ಒಯ್ಯಿ ಅಂದಿದ್ದೆ. ಕೆಲಸ ಮುಗಿದು ಅವನು ಪಟಾನ್‌ಚೆರುವಿನ ಆಚೆ ಎಲ್ಲಿಗೋ ಹೋಗಿ ಎರಡು ವಾರವಾಗಿತ್ತು. ಏಣಿಯೂ ಹೋಗಿತ್ತು.

ಅದನ್ನು ಹೇಳಲು ಬಾಯಿ ತೆರೆದೆ. ತೆರೆದ ಬಾಯಿ ಹಾಗೇ ಉಳಿಯಿತು. ಫೋರ್‌ಮನ್ ಮಾಸ್ತರಿಗೆ, ಮಾಸ್ತರು ಬ್ಯಾಂಕಿನವರಿಗೆ, ಅವರು ನನಗೆ, ನಾನು ಮೇಸ್ತ್ರಿಗೆ. ಏಣಿ ಒಂದು, ಕೈಗಡ ನಾಲ್ಕು! ಕೈಗೆ ಬಂದದ್ದು ಕೈಗಡದ್ದು ಅಂತ ಮುಂದಿನವನಿಗೆ ಗೊತ್ತೇ ಇಲ್ಲ. ತನ್ನದೇ ಅಂತ ಅವನು ಇನ್ನೊಬ್ಬನಿಗೆ ಕೊಡುತ್ತಾನೆ. ಷೇರೂ ಅಷ್ಟೇ. ಕೈಗಡದ ಷೇರನ್ನು ಕೊಂಡವನು ಅದನ್ನೇ ಮತ್ತೊಬ್ಬನಿಗೆ ಕೈಗಡ ಕೊಡುತ್ತಾನೆ!

"ನಾನೂರು ಪರ್ಸೆಂಟ್!" ಅಂತ ಕೂಗಿದೆ. "ನೂರಾ ಇಪ್ಪತ್ತು ಏನೂ ಅಲ್ರಿ, ನಮ್ಮ ಕಾಲೊನ್ಯಾಗ ನಾನೂರು ಐತಿ! ಅರ್ಥ ಆತು ನನಗ, ಅರ್ಥ ಆತು!" ಖುಷಿಗೆ ಫೋರ್‌ಮನ್‌ರ ಎರಡೂ ಕೈ ಹಿಡಿದು ಅಲ್ಲಾಡಿಸಿದೆ.

ಮೂವರೂ ಒಂದು ಹೆಜ್ಜೆ ಹಿಂದೆ ಸರಿದರು. ಮಾಸ್ತರು ನನ್ನ ಹೆಂಡತಿಯನ್ನು ಕೇಳಿದರು: "ಹಿಂಗ ಯಾವಾಗಿಂದ ಆಗೈತ್ರಿ ಇವರಿಗೆ?"

ಸೋಮವಾರ ಹೊರದೇಶದವರ ಮುಂದೆ ಇದನ್ನೇ ಏಣಿ ಸಮೇತ ಹೇಳಿ ಸೀಟು ಉಳಿಸಿಕೊಂಡೆ ಅನ್ನಿ. ಆದರೆ ಅದು ಸೋಮವಾರದ ಮಾತು. ಶನಿವಾರ ಆ ಮೂವರು ಗೇಟು ಬಿಡಲು ತಯಾರಿರಲಿಲ್ಲ. ಅಂಗಿ ಹಾಕಿಕೊಂಡು ಲಿಂಗಂಪಲ್ಲಿ ಮಾರ್ಕೆಟ್ಟಿಗೆ ಓಡಿದೆ.

ಅಂಗಡಿಯಲ್ಲಿ ಉಳಿದಿದ್ದದ್ದು ಒಂದೇ ಏಣಿ. ಅಂಗಡಿಯವನು ಹೇಳಿದ ರೇಟು ಕೇಳಿ, ಹೋದ ವಾರ ಇದರ ಅರ್ಧ ಇತ್ತಲ್ಲ ಅಂದೆ. ಅವನು ಬೀಡಾ ಜಗಿಯುತ್ತ ಅಂದ: "ಕಲ್ ದೀವಾಳಿ ಹೈ ಸಾಬ್. ಆಜ್ ಸಬ್ ಕೋ ಸೀಡಿ ಹೋನಾ. ಲೇನಾ ಹೈ ತೋ ಲೇವೋ, ಪೀಛೇ ಲೈನ್ ಹೈ."

ನಾಳೆ ಹಬ್ಬ, ಇವತ್ತು ಎಲ್ಲರಿಗೂ ಏಣಿ ಬೇಕು, ಬೇಕಾದರೆ ತಗೊಳ್ಳಿ, ಹಿಂದೆ ಸಾಲಿದೆ ಅಂತ ಅವನ ಮಾತು. ತಿರುಗಿ ನೋಡಿದೆ. ನಿಜವಾಗಿಯೂ ಹಿಂದೆ ಇಬ್ಬರು ನಿಂತಿದ್ದರು. ಕೇಳಿದಷ್ಟು ಕೊಟ್ಟು, ಏಣಿ ಹೆಗಲ ಮೇಲಿಟ್ಟುಕೊಂಡು ನಡೆದೇ ಬಂದೆ. ಯಾವ ಆಟೋದವನೂ ಹತ್ತಿಸಿಕೊಳ್ಳಲಿಲ್ಲ.

ಗೇಟಿನಲ್ಲಿ ಏಣಿಯನ್ನು ಬ್ಯಾಂಕಿನವರ ಕೈಗೆ ಕೊಟ್ಟೆ. ಅವರು ಮಾಸ್ತರಿಗೆ ಕೊಟ್ಟರು. ಮಾಸ್ತರು ಫೋರ್‌ಮನ್‌ರಿಗೆ ಕೊಟ್ಟರು. ಅರ್ಧ ನಿಮಿಷದಲ್ಲಿ ಎಲ್ಲರ ಕೈಗಡವೂ ತೀರಿತು. ಹೊಸ ಏಣಿ ನೋಡಿ ಫೋರ್‌ಮನ್ ಮುಖ ಅರಳಿತು. "ಇರ್ಲಿ ಬಿಡ್ರಿ, ಹಳೇದಕ್ಕಿಂತ ಭಾಳ ಛಲೋ ಐತಿ" ಅಂತ ಹೊತ್ತುಕೊಂಡು ಹೋದರು.

ನಾನು ಕಟ್ಟೆ ಮೇಲೆ ಕೂತು ಹೆಗಲು ತಿಕ್ಕಿಕೊಳ್ಳುತ್ತಿದ್ದೆ. ಒಳಗಿನಿಂದ ಹೆಂಡತಿ ಬಲ್ಬಿನ ಸರ ಹಿಡಿದು ಬಂದಳು. "ಎಲ್ಲಾರ ಮನಿ ದೀಪದ ಚಿಂತಿ ಆತು. ನಮ್ಮ ಮನಿದು ಯಾವಾಗ ಕಟ್ತೀರಿ?"

ಗೋಡೆ ನೋಡಿದೆ. ಕುರ್ಚಿ ಹಾಕಿದರೆ ಎಟುಕುವ ಎತ್ತರ ಅಲ್ಲ. ಎದ್ದು ಫೋರ್‌ಮನ್‌ರ ಮನೆಗೆ ಹೋದೆ. ಅವರು ಆಗಲೇ ಏಣಿಯ ಮೇಲಿದ್ದರು.

"ಸಾಹೇಬ್ರ," ಅಂದೆ ಕೆಳಗಿನಿಂದ, "ಏಣಿ ಒಂದು ತಾಸು ಬೇಕಾಗಿತ್ತು."

ಅವರು ಬಾಯಲ್ಲಿದ್ದ ಮೊಳೆ ತೆಗೆದು ಹೇಳಿದರು: "ನಂದು ಆದ ಮ್ಯಾಲೆ ಮಾಸ್ತರು ಕೇಳ್ಯಾರ್ರಿ. ಅವರ ಹಿಂದ ಬ್ಯಾಂಕಿನವರು ಅದಾರ. ಪಾಳಿ ಹಚ್ಚಿ ನಿಂದರ್ರಿ, ನಿಮ್ಮದು ನಾಕನೇ ನಂಬರ್."