ಕೂತು ಕೇಳುವ ಕೆಲಸ

ನನ್ನ ಅಣ್ಣನ ಮಗನನ್ನು ಬೇಗ ಜಡ್ಜ್ ಮಾಡಿಬಿಡಬೇಕು. ಬಲು ಬುದ್ಧಿವಂತ ಅಂತಲ್ಲ. ಇನ್ನೆರಡು ವರ್ಷ ವಕೀಲನಾಗಿಯೇ ಉಳಿದರೆ ಚಳ್ಳಕೆರೆಯಲ್ಲಿ ಇವನನ್ನು ನಂಬಿದವರಾರೂ ಕೇಸು ಗೆಲ್ಲುವುದಿಲ್ಲ!

ಇವನ ಕಾಯಿಲೆ ಒಂದೇ: ಇಬ್ಬರ ಮಾತನ್ನೂ ಕೇಳುತ್ತಾನೆ. ವಕೀಲನಿಗೆ ಯಾಕೆ ಬೇಕು ಈ ಚಟ? ಒಮ್ಮೆ ಒಬ್ಬನ ಕುರಿಗಳು ಪಕ್ಕದವನ ಈರುಳ್ಳಿ ಹೊಲಕ್ಕೆ ನುಗ್ಗಿದ್ದವು. ಇವನು ಕುರಿಯವನ ವಕೀಲ. ವಾದ ಚೆನ್ನಾಗಿಯೇ ಶುರು ಮಾಡಿದನಂತೆ. ನಡುವೆ ಹೊಲದವನ ಮುಖ ಕಣ್ಣಿಗೆ ಬಿದ್ದಿದೆ. "ಅವರು ಹೇಳೋದ್ರಲ್ಲೂ ನ್ಯಾಯ ಐತೆ ಸ್ವಾಮಿ" ಅಂದುಬಿಟ್ಟ. ಮಾರನೇ ದಿನ ಹೊಲದವನು ಖುಷಿಯಿಂದ ಒಂದು ಚೀಲ ಈರುಳ್ಳಿ ತಂದರೆ, ಅದನ್ನೂ ವಾಪಸ್ ಕಳಿಸಿದ. ಇವನ ಹೆಂಡತಿ ವಾರವಿಡೀ ಈರುಳ್ಳಿ ಇಲ್ಲದ ಸಾರು ಬಡಿಸಿದಳು. ಸರಿಯಾಗಿ ಮಾಡಿದಳು.

ಅವಳೇ ಇನ್ನೊಮ್ಮೆ ಮೊಳಕಾಲ್ಮೂರಿಗೆ ರೇಷ್ಮೆ ಸೀರೆ ತರಲು ಇವನನ್ನು ಕರೆದೊಯ್ದಳು. ಎರಡು ಸೀರೆ ಹಿಡಿದು ಯಾವುದು ಚೆಂದ ಅಂತ ಕೇಳಿದಳು. ಹಸಿರು ಸೀರೆಯ ಗುಣ ಹೇಳಿದ, ಕೆಂಪಿನ ಗುಣ ಹೇಳಿದ, ಮತ್ತೆ ಹಸಿರಿಗೆ ಬಂದ. ಅಷ್ಟರಲ್ಲಿ ಬಸ್ ಹೋಯಿತು. ತೀರ್ಪು ಮುಂದಿನ ವಾರ ಅಂದನಂತೆ!

ಇಂಥವನು ಈಗ ಜಡ್ಜ್ ಪರೀಕ್ಷೆ ಬರೆದು ಪಾಸಾಗಿದ್ದಾನೆ. ಸಂದರ್ಶನವೊಂದು ಬಾಕಿ. ವಯಸ್ಸು ಮೀರುತ್ತಿದೆ, ಈ ಸಲ ಬಿಟ್ಟರೆ ಮತ್ತಿಲ್ಲ. ಅದಕ್ಕೇ ಹೋದ ಭಾನುವಾರ ಪರಶುರಾಂಪುರದ ನಮ್ಮ ಮನೆಗೆ ಬಂದು, ನನ್ನನ್ನು ದೊಡ್ಡ ಜಡ್ಜ್ ಮಾಡಿ ಕುರ್ಚಿಯಲ್ಲಿ ಕೂರಿಸಿ ಪ್ರಶ್ನೆ ಕೇಳು ಅಂದ. ನಾನು ಶೇಂಗಾ ಬಿಡಿಸುತ್ತಲೇ ಕೇಳಿದೆ.

"ಯಾಕಪ್ಪಾ ಜಡ್ಜ್ ಆಗ್ಬೇಕು ನೀನು?"

"ಸಮಾಜ ಸೇವೆಗೆ."

"ಸುಳ್ಳು. ಇನ್ನೊಂದು ಹೇಳು."

"ಜಡ್ಜ್ ತಲೆ ಮೇಲೆ ಫ್ಯಾನು ಇರ್ತೈತೆ, ಅತ್ತೆ."

"ಇದು ನಿಜ. ಅಲ್ಲಿ ಮಾತ್ರ ಹೇಳ್ಬ್ಯಾಡ."

ಆಮೇಲೆ ಅವನು ನನ್ನ ಹಳೆಯ ಕೇಸು ತೆಗೆದ. ಅವನಿನ್ನೂ ಲಾ ಓದುತ್ತಿದ್ದ ಕಾಲ. ನನ್ನ ಕುರಿ ಕಳುವಾಗಿ, ಇನ್ನೊಬ್ಬನ ಹಿಂಡಿನಲ್ಲಿ ಸಿಕ್ಕಿತ್ತು. ನಮ್ಮ ಮನೆಯ ಕುರಿಗಳಿಗೆಲ್ಲ ಎಡಗಿವಿಯ ತುದಿಯನ್ನು ಸ್ವಲ್ಪ ಸೀಳುವುದು ಗುರುತು. ಕೋರ್ಟಿನಲ್ಲಿ ಎದುರಿನ ವಕೀಲರು ಈ ಕುರಿಗೆ ಆ ಸೀಳು ಇದೆಯಾ, ಹೌದು ಇಲ್ಲ ಅಷ್ಟೇ ಹೇಳಮ್ಮ ಅಂದರು. ಇಲ್ಲ ಅಂದೆ. 'ಆದರೆ' ಅಂತ ಬಾಯಿ ತೆಗೆಯುವಷ್ಟರಲ್ಲಿ ಕಟಕಟೆಯಿಂದ ಇಳಿಯಲು ಹೇಳಿದರು. ಕೇಸು ಹೋಯಿತು, ಕುರಿಯೂ ಹೋಯಿತು. ಇವನು ಹಿಂದಿನ ಬೆಂಚಿನಲ್ಲಿದ್ದ.

"ಅವತ್ತು 'ಆದರೆ' ಅಂದ್ಯಲ್ಲ ಅತ್ತೆ, ಆಮೇಲೆ ಏನು ಹೇಳ್ಬೇಕು ಅಂತಿದ್ದೆ? ನಾನು ಜಡ್ಜ್ ಆಗೋದು ಅದನ್ನ ಕೇಳೋಕೆ."

ಇಷ್ಟು ವರ್ಷಕ್ಕೆ ಒಬ್ಬ ಕೇಳಿದ. ಶೇಂಗಾ ಬದಿಗಿಟ್ಟೆ. ಆ ಕುರಿಯ ಎಡಗಿವಿ ಬಲಗಿವಿಗಿಂತ ಎರಡು ಬೆರಳು ಚಿಕ್ಕದಿತ್ತು, ನಾವು ಸೀಳಿದ್ದ ತುದಿಯನ್ನೇ ಕಳ್ಳ ಕತ್ತರಿಸಿ ತೆಗೆದಿದ್ದ ಅಂದೆ. ಅದರ ಕೆಮ್ಮು ಹೇಗಿತ್ತು, ನನ್ನ ದನಿ ಕೇಳಿ ಕೋರ್ಟಿನ ಅಂಗಳದಲ್ಲೇ ಹೇಗೆ ಅರಚಿತು, ಎಲ್ಲ ಹೇಳಿದೆ. ಅವನು ನಡುವೆ ಬಾಯಿ ಹಾಕಲಿಲ್ಲ. ಬಸ್ ಬಂದು ಹಾರನ್ ಹೊಡೆದು ಹೋಯಿತು, ಏಳಲಿಲ್ಲ.

"ಮುಗೀತಾ ಅತ್ತೆ?" ಅಂದ.

"ಮುಗೀತು. ನೀನು ಪಾಸ್" ಅಂದೆ.