ಮಗ್ಗದಲ್ಲಿ ಮೋಕ್ಷ ಕಂಡ ಪ್ರೊಫೆಸರರಿಗೆ

ಸಕಲ ವಿದ್ಯಾಪಾರಂಗತರೂ, ನಮ್ಮ ಗಿರಣಿಯ ಹತ್ತಿಯ ಧೂಳನ್ನು ತಮ್ಮ ಕರಿಕೋಟಿನ ಮೇಲೆ ಹೊತ್ತೊಯ್ದ ಉದಾರಿಗಳೂ ಆದ ಪ್ರೊಫೆಸರ್ ವೆಸೆಲಿಂಗ್ ಅವರಿಗೆ, ನೆಕರ್ ಕಣಿವೆಯ ನೇಯ್ಗೆ ಗಿರಣಿಯ ಮೇಸ್ತ್ರಿ ಅಲೋಯಿಸ್ ಹೇಫೆಲೆ ಟೋಪಿ ತೆಗೆದು ಮಾಡುವ ವಂದನೆಗಳು.

ಮಾನ್ಯರೇ,

ಕಳೆದ ವರ್ಷ ತಾವು ನಮ್ಮಲ್ಲಿಗೆ ದಯಮಾಡಿಸಿ, ಮೂಲೆಯ ಸ್ಟೂಲಿನ ಮೇಲೆ ಒಂದು ಬೆಳಗು ಕುಳಿತು, ಯಾರನ್ನೂ ಏನನ್ನೂ ಕೇಳದೆ ಎಲ್ಲವನ್ನೂ ತಿಳಿದುಕೊಂಡು ಹೋದಿರಿ. ಧರ್ಮವು ಮನುಷ್ಯರ ಕೈಕಾಲುಗಳನ್ನು ಹೇಗೆ ಆಡಿಸುತ್ತದೆಂಬ ತಮ್ಮ ಗ್ರಂಥವೂ ಹೊರಬಂತು. ಅದರ ಪ್ರಕಾರ ಪ್ರಾರ್ಥನಾ ಕೂಟದ ಪ್ರೊಟೆಸ್ಟೆಂಟ್ ಹುಡುಗಿಯರು, ದೇವರು ತಮ್ಮನ್ನು ಮೋಕ್ಷಕ್ಕೆ ಆರಿಸಿದ್ದಾನೋ ಇಲ್ಲವೋ ಎಂಬ ತಳಮಳದಲ್ಲಿ, ಅದರ ಗುರುತನ್ನು ಕೆಲಸದಲ್ಲೇ ಹುಡುಕುತ್ತ ಮೈಮುರಿದು ದುಡಿಯುತ್ತಾರೆ. ನಾವು ಕ್ಯಾಥೊಲಿಕರೋ, ಪಾದ್ರಿಯ ಕಿವಿಯಲ್ಲಿ ಪಾಪ ಹೇಳಿಕೊಂಡು ಹಗುರಾಗಿ ಊಟದ ಗಂಟೆಗೆ ಕಾಯುತ್ತೇವೆ. ಆಹಾ, ಎಂಥ ಮಾತು! ತಮಗಿಂತ ಹಿಂದಿನ ಪಂಡಿತರೊಬ್ಬರು ಧರ್ಮ ಕೂಲಿಯವರನ್ನು ಅಫೀಮಿನ ಹಾಗೆ ಮಲಗಿಸುತ್ತದೆ ಎಂದಿದ್ದರಂತೆ, ತಾವು ಎಬ್ಬಿಸುತ್ತದೆ ಎಂದಿರಿ. ಇಷ್ಟು ದಿನ ನಮ್ಮನ್ನು ಎಬ್ಬಿಸುತ್ತಿದ್ದುದು ಗಿರಣಿಯ ಸೀಟಿ ಎಂದುಕೊಂಡಿದ್ದ ನನ್ನ ಅಜ್ಞಾನವನ್ನು ಕ್ಷಮಿಸಬೇಕು.

ಅದರಲ್ಲೂ ಕಪ್ಪುಡುಪು ತೊಟ್ಟು, ಕೂದಲು ಬಿಗಿದು ಕಟ್ಟಿ, ಊಟದ ಗಂಟೆ ಹೊಡೆದರೂ ಮಗ್ಗ ಬಿಟ್ಟೇಳದ ಆ ಕೂಟದ ಕನ್ಯೆಯ ವರ್ಣನೆ ನಮ್ಮ ಸಾಹುಕಾರ ಷ್ಟೋಲ್ ಅವರಿಗೆ ಬಾಯಿಪಾಠವಾಗಿದೆ. ಅವರು ಆ ಪುಟವನ್ನು ನನಗೆ ಓದಿ ಹೇಳಿ, “ಇಂಥೋರೇ ಬೇಕು ಕಣಯ್ಯ ನಂಗೆ. ನಿಮ್ಮ ಕ್ಯಾಥೊಲಿಕ್ನೋರನ್ನೆಲ್ಲ ಶನಿವಾರಕ್ಕೆ ಕೆಲಸದಿಂದ ಬಿಡಿಸ್ಬಿಡು” ಎಂದರು. ನನ್ನ ಮಗಳು ವಾಲ್‌ಬುರ್ಗಾಳೂ ಹೋದಳು. ಅವಳ ಕೈಯಿಂದ ಗಿರಣಿಯ ನೂಲುಗತ್ತರಿ ವಾಪಸು ಇಸಿದುಕೊಳ್ಳುವ ಭಾಗ್ಯ ಮೇಸ್ತ್ರಿಯಾದ ನನಗೇ ಒದಗಿತು. ಬೇರೆ ಗಿರಣಿಗಳಿಗೆ ಹೋದರೆ ಅಲ್ಲಿನ ಸಾಹುಕಾರರೂ ತಮ್ಮ ಗ್ರಂಥ ಓದಿಕೊಂಡು ಕೂತಿದ್ದಾರೆ. ನನಗೆ ಹೊಟ್ಟೆ ಉರಿಯುತ್ತದೆ, ಮಾನ್ಯರೇ.

ಇತ್ತ ಕೂಟದ ಹಿರಿಯಳಾದ ರೊಸೀನೆ ಅಜ್ಜಿ ಭಾನುವಾರದ ಪ್ರಾರ್ಥನೆಯಲ್ಲಿ ಅದೇ ಪುಟವನ್ನು ಓದಿಸಿ ಕೇಳಿದಳಂತೆ. ದುಡಿಮೆಯ ಹೊಗಳಿಕೆ ಅಚ್ಚಾದರೆ ಅದು ಗರ್ವ, ಗರ್ವವೆಂದರೆ ಪಾಪ, ಆದ್ದರಿಂದ ಸೊಕ್ಕಿಳಿಯುವವರೆಗೆ ಹುಡುಗಿಯರೆಲ್ಲ ನಿಧಾನವಾಗಿ ನೇಯಬೇಕೆಂದು ಅಪ್ಪಣೆಯಾಯಿತು. ಈಗ ಊಟದ ಗಂಟೆಗೆ ಮೊದಲೇ ಮಗ್ಗಗಳು ನಿಲ್ಲುತ್ತವೆ. ಬೈದರೆ, ಬೈಗುಳ ಆತ್ಮಕ್ಕೆ ಒಳ್ಳೆಯದೆಂದು ನನಗೇ ಧನ್ಯವಾದ ಹೇಳುತ್ತಾರೆ. ಧರ್ಮದ ಪ್ರಭಾವ ತಾವು ಬರೆದದ್ದಕ್ಕಿಂತ ಒಂದು ಕೈ ಹೆಚ್ಚೇ ಇದೆ.

ಆದಕಾರಣ ಮುಂದಿನ ಮುದ್ರಣದಲ್ಲಿ ಕೂಟದವರು ಶುದ್ಧ ಸೋಮಾರಿಗಳೆಂದು ಬರೆದು ಅವರ ಗರ್ವಭಂಗ ಮಾಡಬೇಕು, ನಮಗೂ ಒಂದಿಷ್ಟು ನರಕದ ಭಯವನ್ನು ಹಂಚಬೇಕು, ಸಾಧ್ಯವಾದರೆ ದೇವರನ್ನೇ ವಿಚಾರಿಸಿ, ಆಯ್ಕೆಯಾದವರ ಹೆಸರುಗಳನ್ನು ಗಿರಣಿಯ ಬಾಗಿಲಿಗೆ ಅಂಟಿಸಬೇಕು. ಕೆಲಸಕ್ಕೆ ಸೇರಿಸಿಕೊಳ್ಳಲು ನನಗೂ ಅನುಕೂಲ.

ತಮ್ಮ ವಿಶ್ವಾಸಿ
(ಯಾವ ವಿಶ್ವಾಸದವನೆಂಬುದನ್ನು ತಾವು ಬಟ್ಟೆ ನೋಡಿಯೇ ಹೇಳಬಲ್ಲಿರಿ),
ಅಲೋಯಿಸ್ ಹೇಫೆಲೆ

ಮರೆತ ವಿಷಯ: ತಮ್ಮ ಗ್ರಂಥದ ಕಪ್ಪುಡುಪಿನ ಆ ಹುಡುಗಿ ನನ್ನ ವಾಲ್‌ಬುರ್ಗಾ. ಇದನ್ನು ಸಾಹುಕಾರರಿಗೆ ಹೇಳಿದರೆ, ಪ್ರೊಫೆಸರರಿಗಿಂತ ನಿನಗೆ ಹೆಚ್ಚು ಗೊತ್ತೇನಯ್ಯ ಎಂದುಬಿಟ್ಟರು. ಕಪ್ಪು ತೊಟ್ಟಿದ್ದು ಅವಳ ತಾಯಿ ತೀರಿಕೊಂಡದ್ದಕ್ಕೆ. ಪಕ್ಕದ ಮಗ್ಗ ತಾಯಿಯದಾಗಿತ್ತು. ಗಂಟೆಯಾದರೆ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಬ್ರೆಡ್ಡು ಹಂಚಿಕೊಂಡು ತಿನ್ನುತ್ತಿದ್ದರು. ಊಟಕ್ಕೆ ಯಾಕಮ್ಮ ಏಳಲಿಲ್ಲ ಎಂದು ತಾವು ಬಂದಿದ್ದ ದಿನವೇ ಕೇಳಿದ್ದೆ. “ಎದ್ದು ಯಾರ ಹತ್ರ ಕೂತ್ಕೊಳ್ಲಿ, ಅಪ್ಪಾ?” ಎಂದಿದ್ದಳು. ತಾವು ಕೇಳಿದ್ದರೆ ತಮಗೂ ಹೇಳುತ್ತಿದ್ದಳು.